ಬಿಸಿಲು ಕೇಳದ ಗೆರೆ

"ಗುರುಗಳೇ, ಯಾರಿಗೆಲ್ಲ ಕೃತಜ್ಞನಾಗಿರಬೇಕು ಎಂಬ ಪಟ್ಟಿ ಎಲ್ಲಿ ಮುಗಿಯುತ್ತದೆ?"

ಕೇಳಿದವನು ವಿರೂಪಾಕ್ಷ. ಆ ಮಠದಲ್ಲಿ ಹನ್ನೆರಡು ವರ್ಷ ಓದಿದವನು. ಮರುದಿನ ಅವನು ದೂರದ ಊರಿನ ಪಾಠಶಾಲೆಯೊಂದನ್ನು ನಡೆಸಲು ಹೊರಡುವವನಿದ್ದ. ಹೊರಡುವವರು ಸಭೆಯಲ್ಲಿ ಎದ್ದು ನಿಂತು, ತಮ್ಮನ್ನು ಬೆಳೆಸಿದವರ ಹೆಸರು ಹೇಳಿ ನಮಸ್ಕರಿಸಿ ಹೋಗುವುದು ಆ ಮಠದ ಪದ್ಧತಿ.

ಅವನ ಕೈಯಲ್ಲಿ ಒಂದು ಕಾಗದವಿತ್ತು. "ಏಳು ಹೆಸರು ಬರೆದಿದ್ದೇನೆ. ಹೆತ್ತವರಿಬ್ಬರು, ತಾವು, ವ್ಯಾಕರಣ ಹೇಳಿಕೊಟ್ಟ ಶಾಸ್ತ್ರಿಗಳು, ಊಟಕ್ಕೆ ಜೋಳ ಕಳಿಸಿದ ಇಬ್ಬರು ಗೌಡರು, ವಿಷಮಜ್ವರ ಬಂದಾಗ ಉಳಿಸಿದ ವೈದ್ಯರು."

"ಆಮೇಲೆ?"

"ಆಮೇಲೆ ಹೆಸರು ಸಿಗುತ್ತಿಲ್ಲ. ಇಲ್ಲದ ಕೃತಜ್ಞತೆಯನ್ನು ನಟಿಸಬಾರದು ಎಂದು ತಾವೇ ಕಲಿಸಿದ್ದೀರಿ. ಉಳಿದದ್ದು ನಾನೇ ದುಡಿದು ಪಡೆದದ್ದು. ಹನ್ನೆರಡು ವರ್ಷ ತಪ್ಪದೆ ಬೆಳಗ್ಗೆ ಎದ್ದು ಪೂರ್ವದ ಕಿಟಕಿಯ ಹತ್ತಿರ ಕೂತು ಓದಿದೆ. ಅದೇ ಚಾಪೆ, ಅದೇ ಓದುವ ಪೀಠ. ಮೋಡದ ದಿನ ಬಿಟ್ಟರೆ ಎಂದೂ ದೀಪ ಬೇಕಾಗಲಿಲ್ಲ. ಎಳೆ ಬಿಸಿಲು ನೇರವಾಗಿ ಪುಸ್ತಕದ ಮೇಲೆ ಬೀಳುತ್ತಿತ್ತು. ಇದಕ್ಕೆ ಯಾರಿಗೆ ನಮಸ್ಕರಿಸಲಿ?"

ಅವನ ಮಾತಿನಲ್ಲಿ ಗರ್ವವಿರಲಿಲ್ಲ. ಯಾರನ್ನೂ ಮರೆಯಬಾರದು, ಸುಳ್ಳನ್ನೂ ಹೇಳಬಾರದು ಎಂಬ ಕಾಳಜಿ ಮಾತ್ರ ಇತ್ತು.

ಪಡಸಾಲೆಯ ಆಚೆ ತುದಿಯಲ್ಲಿ ಅಡಿವೆಪ್ಪ ಕಸ ಗುಡಿಸುತ್ತಿದ್ದ. ಮಠದಲ್ಲಿ ಎಲ್ಲರಿಗಿಂತ ಮೊದಲು ಏಳುವ ಮುದುಕ ಅವನು. ಪೊರಕೆಯ ಸದ್ದು ಹೊರಗಿನ ಅಂಗಳಕ್ಕೆ ಹೋಗುವ ತನಕ ಗುರುಗಳು ಆ ಮುದುಕನನ್ನೇ ನೋಡುತ್ತಿದ್ದರು. ಆಮೇಲೆ, "ಒಂದು ಕತೆ ಹೇಳುತ್ತೇನೆ. ಕೇಳಿ ಆದಮೇಲೆ ನಿನ್ನ ಪಟ್ಟಿ ಮುಗಿಸು" ಎಂದರು.

ಒಬ್ಬ ತೋಟಗಾರನಿದ್ದ. ಹೊಲದಲ್ಲಿ, ಹಿತ್ತಲಲ್ಲಿ ಗಿಡ ಬೆಳೆಸುವವರು ಊರಿಗೆ ನೂರು ಮಂದಿ. ಇವನು ಕಟ್ಟಡದ ಒಳಗೆ ಗಿಡ ಬಾಳಿಸುವವನು. ಅದು ಬೇರೆಯೇ ವಿದ್ಯೆ. ಮಳೆ ಇಲ್ಲ, ಇಬ್ಬನಿ ಇಲ್ಲ, ಗಾಳಿ ಅರೆಬರೆ, ಬೆಳಕು ಅಳೆದು ಕೊಟ್ಟಷ್ಟು. "ಹೊರಗಿನ ಗಿಡಕ್ಕೆ ದೇವರು ದಿಕ್ಕು, ಒಳಗಿನ ಗಿಡಕ್ಕೆ ಇಟ್ಟವನೇ ದಿಕ್ಕು" ಎಂದು ಅವನು ಹೇಳುತ್ತಿದ್ದ. ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು. ವಿದ್ಯೆ ಬಲ್ಲವನಿಗೆ ಅಷ್ಟು ಇರಲಿ ಬಿಡು.

ಒಂದು ಊರಿನಲ್ಲಿ ಸರ್ಕಾರದವರು ದೊಡ್ಡ ಕಚೇರಿ ಕಟ್ಟಿದರು. ಸುತ್ತಲ ನೂರಾರು ಹಳ್ಳಿಯ ಜನ ಅರ್ಜಿ ಹಿಡಿದುಕೊಂಡು ಅಲ್ಲಿಗೇ ಬರಬೇಕು. ಬಾಗಿಲು ದಾಟಿದರೆ ಮೂರು ಮಹಡಿ ಎತ್ತರದ ಒಂದು ಪಡಸಾಲೆ. ಚಾವಣಿಯ ನಡುವೆ ಗಾಜಿನ ಬೆಳಕಿಂಡಿ. ನೆಲವೂ ಕಲ್ಲು, ಗೋಡೆಯೂ ಕಲ್ಲು. ಒಳಗೆ ಬಂದವರು ಹೆದರಿ ಪಿಸುಗುಡುತ್ತಿದ್ದರು. ಪಿಸುಗುಟ್ಟಿದ್ದನ್ನು ಆ ಗೋಡೆಗಳು ದೊಡ್ಡದು ಮಾಡಿ ಎಲ್ಲರಿಗೂ ಕೇಳಿಸುತ್ತಿದ್ದವು.

ಅಲ್ಲಿನ ಹಿರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಜನ ಹೀಗೆ ಮುದುಡಿ ನಿಲ್ಲುವುದು ಅವನಿಗೆ ಸರಿ ಕಾಣಲಿಲ್ಲ. ಒಳಗೆ ಹಸಿರು ಇಡೋಣ ಎಂದ. ಕೈಕೆಳಗಿನವರು, ಪ್ಲಾಸ್ಟಿಕ್ ಗಿಡ ತರಿಸೋಣ ಎಂದರು. ಅದಕ್ಕೆ ನೀರು ಬೇಡ, ಗೊಬ್ಬರ ಬೇಡ, ಸಾಯುವ ಚಿಂತೆಯಿಲ್ಲ, ವರ್ಷಕ್ಕೊಮ್ಮೆ ತೊಳೆದರೆ ಮತ್ತೆ ಹೊಸದು. ಅಧಿಕಾರಿ ಯಾವುದಕ್ಕೂ ಇರಲಿ ಎಂದು ತೋಟಗಾರನನ್ನು ಕರೆಸಿ ಕೇಳಿದ.

ತೋಟಗಾರ ಪ್ಲಾಸ್ಟಿಕ್ ಎಂಬ ಮಾತು ಕೇಳಿದ್ದೇ ಕೆಂಡವಾದ. "ನನಗೆ ಒಂದು ವರ್ಷ ಕೊಡಿ ಸ್ವಾಮಿ. ವರ್ಷದ ಕೊನೆಗೆ ಒಂದೇ ಒಂದು ಗಿಡ ಒಣಗಿದ್ದರೂ ಕುಂಡಗಳನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ. ಮತ್ತೆ ಈ ಕಸುಬಿಗೆ ಕೈ ಹಾಕುವುದಿಲ್ಲ. ಆಮೇಲೆ ನೀವು ಎಂಥ ಗಿಡ ಬೇಕಾದರೂ ತನ್ನಿ" ಎಂದ. ಮಾತು ಬಾಯಿಂದ ಬಿದ್ದಾಗಿತ್ತು. ಅಧಿಕಾರಿ ಒಪ್ಪಿದ.

ಪುಷ್ಯಮಾಸದಲ್ಲಿ ತೋಟಗಾರ ಕೆಲಸಕ್ಕೆ ಬಂದ. ಬರುವಾಗ ಒಂದು ಗಿಡವನ್ನೂ ತರಲಿಲ್ಲ. ಒಂದು ಹಿಡಿ ಸೀಮೆಸುಣ್ಣ, ಒಂದು ದಾರ, ಒಂದು ನೋಟುಪುಸ್ತಕ ತಂದಿದ್ದ. ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ಏಳು ದಿನ ಆ ಪಡಸಾಲೆಯಲ್ಲಿ ಕೂತ. ಬೆಳಕಿಂಡಿಯಿಂದ ಇಳಿದ ಬಿಸಿಲು ಯಾವ ಗಳಿಗೆಗೆ ಯಾವ ಕಲ್ಲಿನ ಮೇಲೆ ಬೀಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿಂದ ಗಾಳಿ ಬರುತ್ತದೆ, ಜನ ಎಲ್ಲಿ ಸಾಲು ನಿಲ್ಲುತ್ತಾರೆ, ಎಲ್ಲಿ ಆಯಾಸವಾಗಿ ಕೂರುತ್ತಾರೆ, ಎಲ್ಲವನ್ನೂ ನೋಡಿದ. ನೋಡಿದಲ್ಲೆಲ್ಲ ದಾರ ಹಿಡಿದು ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆದ. ಗುಮಾಸ್ತರು ನಕ್ಕರು. ಗಿಡ ಇಡುತ್ತೇನೆ ಅಂತ ಬಂದವನು ಕುಂಟೆಬಿಲ್ಲೆ ಆಡಲು ಮನೆ ಬರೆಯುತ್ತಿದ್ದಾನೆ ಎಂದರು.

ಎಂಟನೆಯ ದಿನ ನಲವತ್ತು ಕುಂಡಗಳು ಬಂದವು. ಒಂದೊಂದೂ ಅದರದರ ಗೆರೆಯೊಳಗೆ ಕೂತಿತು. ಬಣ್ಣದ ಕ್ರೋಟನ್ನಿಗೆ ಬಿಸಿಲು ಬೇಕು, ಅದಕ್ಕೆ ಬಿಸಿಲು ಬೀಳುವ ಕಲ್ಲುಗಳು. ಜರೀಗಿಡಕ್ಕೆ ತಂಪು ಬೇಕು, ಅದಕ್ಕೆ ಕುಡಿಯುವ ನೀರಿನ ನಲ್ಲಿಯ ಪಕ್ಕ. ಬೆಂಚುಗಳ ಹಿಂದೆ ಅಗಲ ಎಲೆಯ ಗಿಡಗಳು, ಕೂತವರ ಬೆನ್ನಿಗೆ ಕಲ್ಲಿನ ಗೋಡೆ ತಣ್ಣಗೆ ತಾಗದಂತೆ. ಅರ್ಜಿ ಕೊಡುವ ಕಿಂಡಿಯ ಮುಂದೆ ಗಿಡ ಬೇಡ, ಸಾಲಿನಲ್ಲಿ ನಿಂತವರಿಗೆ ತಮ್ಮ ಸರದಿ ಕಾಣಬೇಕು. ಇನ್ನು ವಾಯವ್ಯದ ಮೂಲೆಯಲ್ಲಿ ಕರೆಂಟಿನ ದೊಡ್ಡ ಪೆಟ್ಟಿಗೆಯೊಂದು ಕಣ್ಣಿಗೆ ಕೆಟ್ಟದಾಗಿ ಕಾಣುತ್ತಿತ್ತು. ಅದನ್ನು ಮುಚ್ಚಲು ಆಳೆತ್ತರದ ಆರು ಗಿಡಗಳನ್ನು ಒತ್ತಾಗಿ ನಿಲ್ಲಿಸಿದ. ಅವು ನೆರಳಿನಲ್ಲಿ ಹೇಗೋ ಬಾಳುವ ಜಾತಿಯವು.

ಆಮೇಲೆ ಒಂದು ಹಲಗೆ ಬರೆಸಿ ತೂಗುಹಾಕಿದ. "ಯಾರೂ ನೀರು ಹಾಕಬಾರದು. ಕುಂಡ ಮುಟ್ಟಬಾರದು."

ಈ ಆಜ್ಞೆ ದರ್ಪದ್ದು ಅಂತ ತಿಳಿಯಬೇಡ, ವಿರೂಪಾಕ್ಷ. ಮನೆಯ ಗಿಡಕ್ಕೆ ನೀರು ಹಾಕುವ ಕೈ ಒಂದು. ಹತ್ತು ಜನ ಬಂದುಹೋಗುವ ಕಟ್ಟಡದಲ್ಲಿ ಹತ್ತು ಕೈ. ಒಬ್ಬ ಕುಡಿದು ಉಳಿದ ನೀರು ಸುರಿಯುತ್ತಾನೆ, ಇನ್ನೊಬ್ಬ ಚಹಾದ ಚರಟ ಸುರಿಯುತ್ತಾನೆ, ಪ್ರತಿಯೊಬ್ಬನೂ ಪಾಪ ಗಿಡಕ್ಕೆ ನಾನೊಬ್ಬನೇ ದಿಕ್ಕು ಎಂದುಕೊಳ್ಳುತ್ತಾನೆ. ವಾರದಲ್ಲಿ ಬೇರು ಕೊಳೆತು ಗಿಡ ಸಾಯುತ್ತದೆ. ತೋಟಗಾರ ಇದನ್ನು ಎಷ್ಟೋ ಕಟ್ಟಡಗಳಲ್ಲಿ ಕಂಡಿದ್ದ. ಅದಕ್ಕೇ ವಾರಕ್ಕೆ ಎರಡು ಸಲ ತಾನೇ ಬಂದು, ಮಣ್ಣಿಗೆ ಬೆರಳಿಟ್ಟು ನೋಡಿ, ಬೇಕಾದಷ್ಟೇ ಹನಿಸಿ ಹೋಗುತ್ತಿದ್ದ.

ವರ್ಷ ಕಳೆಯಿತು. ಒಂದು ಗಿಡವೂ ಒಣಗಲಿಲ್ಲ. ಬರೀ ಒಣಗದೆ ಉಳಿದದ್ದಲ್ಲ, ಮೈತುಂಬಿ ಚಿಗುರಿದವು. ಹಳ್ಳಿಯಿಂದ ಬಂದವರು ಬೆಂಚಿನ ಹಿಂದಿನ ಎಲೆ ಮುಟ್ಟಿ ನೋಡಿ, ಇದು ನಮ್ಮ ಹಿತ್ತಲ ಕೆಸುವಿನ ಅಣ್ಣನೋ ತಮ್ಮನೋ ಇರಬೇಕು ಎನ್ನುತ್ತಿದ್ದರು. ಪಕ್ಕದವರು ಹೌದೆನ್ನುತ್ತಿದ್ದರು. ಹಾಗೆ ಮಾತು ಶುರುವಾಗುತ್ತಿತ್ತು. ಕಲ್ಲಿನ ಪಡಸಾಲೆಗೆ ಎಲೆಗಳು ಬಂದಮೇಲೆ ಸದ್ದು ಕೂಡ ಮೆತ್ತಗಾಗಿತ್ತು.

ತೋಟಗಾರ ಬಂದಾಗಲೆಲ್ಲ ಮೊದಲು ನೆಲ ನೋಡುತ್ತಿದ್ದ. ಪ್ರತಿ ಕುಂಡವೂ ಸೀಮೆಸುಣ್ಣದ ಗೆರೆಯೊಳಗೇ ಇರುತ್ತಿತ್ತು. ನನ್ನ ಮಾತು ಮೀರುವವರು ಇಲ್ಲ ಎಂದು ಅವನಿಗೆ ಸಮಾಧಾನ. ದಿನಕ್ಕೆರಡು ಸಲ ನೀರು ಹಾಕಿ ಒರೆಸುವ ನೆಲದ ಮೇಲೆ ಸೀಮೆಸುಣ್ಣದ ಗೆರೆ ವರ್ಷಪೂರ್ತಿ ಹೇಗೆ ಉಳಿಯುತ್ತದೆ? ಸ್ಲೇಟು ಹಿಡಿಯುವ ಮಗುವೂ ಈ ಪ್ರಶ್ನೆ ಕೇಳುತ್ತಿತ್ತು. ಅವನು ಕೇಳಲಿಲ್ಲ. ತನ್ನ ಗೆರೆಯನ್ನು ಕಂಡವನಿಗೆ ಬೇರೇನೂ ಕಾಣುವುದಿಲ್ಲ ನೋಡು.

ಮತ್ತೆ ಪುಷ್ಯ ಬಂದಾಗ ಅಧಿಕಾರಿ ಅದೇ ಪಡಸಾಲೆಯಲ್ಲಿ ಸಭೆ ಕರೆದ. ತೋಟಗಾರನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟ. ತೋಟಗಾರ ಎದ್ದು ನಿಂತು ಕೃತಜ್ಞತೆ ಹೇಳಿದ. ಕಸುಬು ಕಲಿಸಿದ ತಂದೆಗೆ, ಹೆತ್ತ ತಾಯಿಗೆ, ಅವಕಾಶ ಕೊಟ್ಟ ಅಧಿಕಾರಿಗೆ, ಕುಂಡ ಮಾಡಿದ ಕುಂಬಾರನಿಗೆ, ಮಣ್ಣು ಹೊತ್ತ ಆಳುಗಳಿಗೆ. ಅವನ ಪಟ್ಟಿಯೂ ಚೆನ್ನಾಗಿಯೇ ಇತ್ತು. ಕೊನೆಗೆ, "ಬೆಳಕನ್ನು ನಾನು ಏಳು ದಿನ ಓದಿದೆ, ವರ್ಷಕ್ಕೆ ಅಷ್ಟು ಸಾಕಾಯಿತು" ಎಂದ. ಜನ ಚಪ್ಪಾಳೆ ತಟ್ಟಿದರು. ಪಡಸಾಲೆಯ ಬಾಗಿಲ ಬಳಿ ನೆಲ ಒರೆಸುವ ಒಬ್ಬ ಹೆಂಗಸು ಬಕೆಟ್ಟು ಕೆಳಗಿಟ್ಟು ತಾನೂ ತಟ್ಟಿದಳು.

ಅಧಿಕಾರಿಗೆ ಸಂತೋಷವಾಗಿತ್ತು. ಊರಿನ ಇನ್ನೊಂದು ದಿಕ್ಕಿನಲ್ಲಿ ಅದೇ ನಕ್ಷೆಯ ಮೇಲೆ ಇನ್ನೊಂದು ಕಚೇರಿ ಎದ್ದಿತ್ತು. ಅಂಥದೇ ಪಡಸಾಲೆ, ಅಂಥದೇ ಬೆಳಕಿಂಡಿ. ಅಲ್ಲಿಯೂ ಗಿಡ ಇಡು ಎಂದ. ಈ ಸಲ ತೋಟಗಾರ ಏಳು ದಿನ ಕೂರಲಿಲ್ಲ. ನೋಟುಪುಸ್ತಕ ತೆರೆದು, ಕಂಬದಿಂದ ಇಷ್ಟನೆಯ ಕಲ್ಲು ಎಂದು ಎಣಿಸಿ, ಒಂದೇ ಮಧ್ಯಾಹ್ನದಲ್ಲಿ ನಲವತ್ತು ಗೆರೆ ಎಳೆದು ನಲವತ್ತು ಕುಂಡ ಇಟ್ಟ. ಅದೇ ಹಲಗೆ ತೂಗುಹಾಕಿದ.

ಮಾಘದಲ್ಲಿ ಗಿಡಗಳು ಚೆನ್ನಾಗಿದ್ದವು. ಫಾಲ್ಗುಣದಲ್ಲಿ ಸಪ್ಪಗಾದವು. ಚೈತ್ರದಲ್ಲಿ ಕ್ರೋಟನ್ನುಗಳ ಬಣ್ಣ ಹೋಯಿತು. ವೈಶಾಖ ಬರುವ ಹೊತ್ತಿಗೆ ಹದಿನೆಂಟು ಕುಂಡಗಳಲ್ಲಿ ಬರೀ ಕಡ್ಡಿ ಉಳಿದಿತ್ತು. ನೀರು ಹೆಚ್ಚಾಗಿರಲಿಲ್ಲ. ಹುಳ ಬಿದ್ದಿರಲಿಲ್ಲ. ಕುಂಡ ಒಂದು ಬೆರಳಿನಷ್ಟೂ ಅಲುಗಿರಲಿಲ್ಲ. ಅಲ್ಲಿ ನೆಲ ಒರೆಸುವವನು, ಹೇಳಿದ ಮಾತು ಮೀರದ ನಿಷ್ಠಾವಂತ. ಗೆರೆ ಅಳಿಸೀತು ಎಂದು ಕುಂಡದ ಸುತ್ತ ಒಂದು ಮೊಳ ನೆಲವನ್ನು ಒರೆಸದೆಯೇ ಬಿಟ್ಟಿದ್ದ. ಅಲ್ಲೆಲ್ಲ ಧೂಳು ಕೂತಿತ್ತು.

ಗುಮಾಸ್ತರು ಮತ್ತೆ ಪ್ಲಾಸ್ಟಿಕ್ಕಿನ ಮಾತು ತೆಗೆದರು. ಆಡಿದ ಮಾತು ಎರಡೂ ಕಟ್ಟಡಕ್ಕೆ ಸಲ್ಲುತ್ತದೆ ಎಂದರು. ಅಧಿಕಾರಿ ತಲೆ ತಗ್ಗಿಸಿದ. ಹತ್ತು ದಿನ ನೋಡುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ತೋಟಗಾರನಿಗೆ ಹೇಳಿದ. ತೋಟಗಾರ ಮನೆಗೆ ಹೋಗಿ ಊಟ ಮಾಡಲಿಲ್ಲ. ತಂದೆಯಿಂದ ಬಂದ ಕಸುಬು ತನ್ನ ಕೈಯಲ್ಲೇ ಮುಗಿಯುತ್ತದಲ್ಲ ಎಂದು ಅವನಿಗೆ ಅಳು ಬಂತು. ಎಲ್ಲೋ ಕಲ್ಲು ತಪ್ಪಿ ಎಣಿಸಿರಬೇಕು ಎಂದುಕೊಂಡ. ಮೊದಲ ಕಚೇರಿಗೆ ಹೋಗಿ ಮತ್ತೆ ಅಳೆದು ನೋಡೋಣವೆಂದು ಮರುದಿನ ಬೆಳಗ್ಗೆ, ಕೆಲಸದವರು ಬಾಗಿಲು ತೆರೆಯುವ ಹೊತ್ತಿಗೆ ಹೋದ.

ನೋಟುಪುಸ್ತಕದಲ್ಲಿ ಮೊದಲ ಕ್ರೋಟನ್ ಉತ್ತರದ ಕಂಬದಿಂದ ನಾಲ್ಕನೆಯ ಕಲ್ಲಿನ ಮೇಲಿತ್ತು. ಅಲ್ಲಿ ಹೋಗಿ ನೋಡಿದರೆ ಬರಿಯ ನೆಲ. ಕ್ರೋಟನ್ ಹದಿನಾಲ್ಕನೆಯ ಕಲ್ಲಿನ ಮೇಲೆ, ಹಣತೆಯ ಹಾಗೆ ಕೆಂಪಗೆ ಬೆಳಗುತ್ತಾ ನಿಂತಿತ್ತು. ಸುತ್ತ ಸೀಮೆಸುಣ್ಣದ ಗೆರೆ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಅವನು ಬಗ್ಗಿ ಕೂತು ಗೆರೆಯನ್ನು ಮೊದಲ ಸಲ ಸರಿಯಾಗಿ ನೋಡಿದ. ಅವನದು ದಾರ ಹಿಡಿದು ಎಳೆದ ಗೆರೆ, ಅಳತೆಗೆ ಒಂದಿಷ್ಟೂ ತಪ್ಪದ್ದು. ಇದು ಬರಿಗೈಯಲ್ಲಿ ಎಳೆದದ್ದು, ಅಲ್ಲಲ್ಲಿ ಉಬ್ಬಿತ್ತು. ಗೆರೆ ಬಂದು ಕೂಡುವಲ್ಲಿ ಒಂದು ಸಣ್ಣ ಚುಕ್ಕೆ. ದಿನಾ ಬಾಗಿಲಿಗೆ ರಂಗೋಲಿ ಹಾಕುವವರ ಕೈ ಗೆರೆ ಮುಗಿಸಿದ ಮೇಲೆ ತಾನಾಗಿ ಇಡುವ ಚುಕ್ಕೆ ಅದು. ವರ್ಷದಿಂದ ಅವನು ಆ ಚುಕ್ಕೆಗಳನ್ನು ನೋಡುತ್ತಿದ್ದ. ಕಂಡಿರಲಿಲ್ಲ.

ಅಷ್ಟರಲ್ಲಿ ಬಕೆಟ್ಟಿನ ಸದ್ದಾಯಿತು. ನೆಲ ಒರೆಸುವ ಹೆಂಗಸು ಬಂದಳು. ಕಂಬದ ಹಿಂದಿದ್ದ ಅವನನ್ನು ಅವಳು ನೋಡಲಿಲ್ಲ. ಒಂದು ಗೋಣಿಚೀಲವನ್ನು ಒದ್ದೆ ಮಾಡಿ, ಕುಂಡವನ್ನು ಸ್ವಲ್ಪ ಓರೆ ಮಾಡಿ, ಚೀಲವನ್ನು ಅಡಿಗೆ ತೂರಿಸಿ ಮೆಲ್ಲಗೆ ಎಳೆದಳು. ಅಷ್ಟು ಭಾರದ ಕುಂಡ ನುಣ್ಣಗೆ ಎರಡು ಬೆರಳಷ್ಟು ಜಾರಿತು. ಚೀಲ ತೆಗೆದು ಹಳೆಯ ಗೆರೆ ಒರೆಸಿ, ಸೊಂಟದಿಂದ ಸೀಮೆಸುಣ್ಣದ ಚೂರು ತೆಗೆದು ಹೊಸ ಗೆರೆ ಎಳೆದಳು. ಚುಕ್ಕೆ ಇಟ್ಟಳು. ಮುಂದಿನ ಕುಂಡಕ್ಕೆ ಹೋದಳು.

ತೋಟಗಾರ ಎದ್ದು ಬಂದ. "ಕುಂಡಾ ಮುಟ್ಟಾಕ ನಿನಗ ಯಾರು ಹೇಳಿದ್ರು?"

ಅವಳ ಕೈಯಿಂದ ಸೀಮೆಸುಣ್ಣ ಬಿತ್ತು. "ತಪ್ಪಾತ್ರೀ ಯಪ್ಪಾ. ಸಾಹೇಬ್ರಿಗೆ ಹೇಳಬ್ಯಾಡ್ರಿ. ಈ ಕೆಲಸಾ ಹ್ವಾದ್ರ ನನಗ ಬ್ಯಾರೆ ದಿಕ್ಕಿಲ್ಲ."

"ಹೇಳೂದಿಲ್ಲ. ಯಾಕ ಸರಿಸಿದಿ, ಅಷ್ಟು ಹೇಳು."

"ನೀವು ಗೆರಿ ಹೊಡದು ಹ್ವಾದ್ರಿ. ಬಿಸಿಲು ನಿಮ್ಮ ಗೆರಿ ಮಾತು ಕೇಳತೈತೇನ್ರಿ? ದಿನಾ ಎರಡೆರಡು ಬಟ್ಟು ಆಚಿಗೆ ಹೋಗತಿತ್ತು. ಗಿಡಾ ಅದರ ಕಡೆ ಕುತಗಿ ಚಾಚತಿದ್ವು. ನೋಡಾಕ ಆಗಲಿಲ್ರಿ. ಬ್ಯಾಸಿಗ್ಯಾಗ ತೆಂಕಣಕ್ಕ ತಂದೆ, ಚಳಿಗಾಲಕ್ಕ ತಿರುಗಿ ಬಡಗಣಕ್ಕ ಒಯ್ದೆ."

"ಮತ್ತ ಈ ಗೆರಿ?"

"ನೆಲಾ ಒರಸಿದ್ರ ಅಳಿಸಿ ಹೋಗತಾವಲ್ರಿ. ಗಿಡಾನೂ ಉಳೀಬೇಕು, ನಿಮ್ಮ ಮಾತೂ ಉಳೀಬೇಕು. ಅದಕ್ಕ ಗಿಡಾ ಎಲ್ಲಿ ಐತೋ ಅಲ್ಲೇ ಗೆರಿ ಹೊಡದೆ."

ತೋಟಗಾರ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ಶಾಲು ನೆನಪಾಯಿತು, ಹಾರ ನೆನಪಾಯಿತು, ಏಳು ದಿನ ಸಾಕಾಯಿತು ಎಂದ ಮಾತು ನೆನಪಾಯಿತು. ಸೂರ್ಯನಿಗೆ ಎರಡು ಅಯನ ಉಂಟು ಎಂಬುದು ಅವನಿಗೆ ತಿಳಿಯದ್ದೇನಲ್ಲ. ಹೊರಗಿನ ತೋಟದಲ್ಲಿ ಅದನ್ನು ಮರೆಯುತ್ತಿರಲಿಲ್ಲ. ಸೂರು ಬಂದ ಕೂಡಲೇ ಸೂರ್ಯನೂ ತನ್ನ ನೋಟುಪುಸ್ತಕದೊಳಗೆ ಬಂದ ಎಂದು ತಿಳಿದಿದ್ದ.

"ಗಿಡಾ ನಿನ್ನವಲ್ಲ. ಯಾಕ ಇಷ್ಟು ತ್ರಾಸ ತಗೊಂಡಿ?" ಎಂದು ಕೇಳಿದ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ವಾಯವ್ಯದ ಮೂಲೆಯನ್ನು ತೋರಿಸಿದಳು. ಕರೆಂಟಿನ ಪೆಟ್ಟಿಗೆ ಮುಚ್ಚಲು ಅವನು ನಿಲ್ಲಿಸಿದ್ದ ಆಳೆತ್ತರದ ಆರು ಗಿಡಗಳು ಅಲ್ಲಿದ್ದವು.

"ಈ ಕಚೇರಿ ತೆರೆದ ಹೊಸದರಾಗ ನನ್ನ ಗಂಡ ತೀರಕೊಂಡ್ರಿ. ಅವನ ಸಾವಿನ ಕಾಗದಕ್ಕ ಹದಿನೆಂಟು ದಿನಾ ಇಲ್ಲಿಗೆ ತಿರಗೀನಿ. ಕಡೀ ದಿನಾ ತಡಕೊಳ್ಳಾಕ ಆಗಲಿಲ್ಲ, ಇಲ್ಲೇ ನಟ್ಟನಡುವ ನಿಂತು ಅತ್ತೆ. ಮಾರಿ ಮುಚ್ಚಿಕೊಳ್ಳಾಕ ಒಂದು ಮರೆ ಇರಲಿಲ್ಲ. ಎಲ್ಲಾರೂ ನೋಡಿದ್ರು. ಮುಂದ ನನಗ ಇಲ್ಲೇ ಕೆಲಸಾ ಸಿಕ್ತು. ನೀವು ಬಂದು ಆ ಗಿಡಾ ಇಟ್ರಿ. ಈಗ ಅಳಾವ್ರು ಅದರ ಮರೆಗೆ ಹೋಗತಾರ್ರಿ. ಅತ್ತು, ಸೆರಗಿಲೆ ಕಣ್ಣು ಒರಸಿಕೊಂಡು, ಹೊರಗ ಬರತಾರ. ನಮ್ಮಂಥಾವ್ರಿಗೆ ಅಳಾಕ ಒಂದು ಜಾಗಾ ಮಾಡಿಕೊಟ್ರಿ ನೀವು. ಆ ಉಪಕಾರ ನಾ ಹೆಂಗ ತೀರಸಲಿ? ನನಗ ಬರೂದು ನೆಲಾ ಒರಸೂದೊಂದ. ಅದರ ಜೋಡಿ ಇದೊಂದು ಮಾಡೀನಿ. ಆ ಆರು ಗಿಡದಾಗೂ ದಿನಕ್ಕೊಂದನ್ನ ಬಿಸ್ಲಿಗೆ ತಂದು, ಸಂಜಿಗೆ ತಿರುಗಿ ಅಲ್ಲೇ ಇಡತೀನಿ. ಎಲ್ಲಾ ಒಮ್ಮೆ ತಂದ್ರ ಮರೆ ಖಾಲಿ ಆಗತೈತಲ್ರಿ."

ತೋಟಗಾರ ಆ ಗಿಡಗಳ ಕಡೆ ನೋಡಿದ. ಆ ಮೂಲೆಯನ್ನು ಅವನು ಅಳುವವರಿಗಾಗಿ ಮಾಡಿರಲಿಲ್ಲ. ಒಂದು ತಗಡಿನ ಪೆಟ್ಟಿಗೆ ಕಾಣದಿರಲಿ ಎಂದು ಮಾಡಿದ್ದ. ಮಾಡಿದವನಿಗೆ ತಿಳಿಯದ ಉಪಕಾರಕ್ಕೆ ಅವಳು ವರ್ಷವಿಡೀ ಕೃತಜ್ಞಳಾಗಿದ್ದಳು. ಅವನಿಗೋ ತನಗೆ ಆದ ಉಪಕಾರವೇ ತಿಳಿದಿರಲಿಲ್ಲ. ಅವನು ಎರಡೂ ಕೈ ಮುಗಿದ. ಕೈ ಮುಗಿದಾಗ ಅವನ ಎದೆ ಹಗುರವಾಯಿತು. ಕಸುಬು ಹೋಗುತ್ತದೆ ಎಂಬ ಹೆದರಿಕೆಯೂ ಆ ಗಳಿಗೆಯಲ್ಲಿ ಅವನಿಗೆ ನೆನಪಿರಲಿಲ್ಲ.

ಅವಳ ಹೆಸರು ಕೇಳಿದ. ದ್ಯಾಮವ್ವ ಎಂದಳು. ಈ ಕತೆಯಲ್ಲಿ ಬೇರೆ ಯಾರಿಗೂ ಹೆಸರಿಲ್ಲ, ವಿರೂಪಾಕ್ಷ. ಅವಳಿಗೆ ಇರಲಿ.

ತೋಟಗಾರ ಮನೆಗೆ ಓಡಿ ಶಾಲು ತಂದ. ಅದು ನಿನಗೆ ಸೇರಬೇಕಾದದ್ದು ಎಂದ. ಅವಳು ನಕ್ಕುಬಿಟ್ಟಳು. "ಶಾಲು ಹೊತ್ತಕೊಂಡು ನೆಲಾ ಒರಸೂದು ಹೆಂಗ್ರಿ? ನಿಮಗೇ ಇರಲಿ. ಕೊಡೂದಾದ್ರ ಒಂದೀಟು ಸೀಮಿಸುಣ್ಣಾ ಕೊಡ್ರಿ. ನನ್ನ ಹತ್ರ ತೀರೇತಿ."

ಅವಳು ಕೇಳಿದ್ದು ಅಷ್ಟೇ. ಅವನು ಪೆಟ್ಟಿಗೆ ತುಂಬ ಕೊಟ್ಟ.

ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ. ಹೇಳದಿದ್ದರೆ ಇನ್ನೊಂದು ಕಟ್ಟಡದ ಗಿಡ ಉಳಿಯುವುದಿಲ್ಲ. ಅವಳನ್ನೇ ಕೇಳಿದ. "ಗಿಡಾ ಉಳಿಯೂದಾದ್ರ ಹೇಳ್ರಿ" ಎಂದಳು. ಇಬ್ಬರೂ ಕೂಡಿಯೇ ಅಧಿಕಾರಿಯ ಮುಂದೆ ನಿಂತರು. ತೋಟಗಾರ ಒಂದನ್ನೂ ಮುಚ್ಚಿಡದೆ ಹೇಳಿದ. ಮಾತು ಮೀರಿದ್ದು ಅವಳ ತಪ್ಪಾದರೆ ಮಾತು ಆಡಿದ್ದು ನನ್ನ ತಪ್ಪು, ಇಬ್ಬರನ್ನೂ ಕಳಿಸಿ ಎಂದ. ಅಧಿಕಾರಿ ಕುರ್ಚಿಯಿಂದ ಎದ್ದು ಪಡಸಾಲೆಗೆ ಬಂದು ಹಲಗೆಯ ಮುಂದೆ ನಿಂತ. "ನೀರು ಹಾಕಬಾರದು" ಎಂಬುದನ್ನು ಹಾಗೆಯೇ ಬಿಟ್ಟು, "ಕುಂಡ ಮುಟ್ಟಬಾರದು" ಎಂಬ ಸಾಲಿನ ಮೇಲೆ ಸುಣ್ಣ ಬಳಿಸಿದ.

ಆ ಮಧ್ಯಾಹ್ನ ತೋಟಗಾರ ಮತ್ತು ದ್ಯಾಮವ್ವ ಎರಡನೆಯ ಕಟ್ಟಡಕ್ಕೆ ಹೋದರು. ಅಲ್ಲಿನ ನಿಷ್ಠಾವಂತನಿಗೆ ಅವಳು ಗೋಣಿಚೀಲ ಒದ್ದೆ ಮಾಡಿ ಎಳೆಯುವುದನ್ನು ಕಲಿಸಿದಳು. ತೋಟಗಾರ ಒಣಗಿದ ಕಡ್ಡಿಗಳನ್ನು ಬುಡದ ಹತ್ತಿರ ಕತ್ತರಿಸಿ ಬಿಸಿಲಿಗೆ ತಂದ. ಒಂಬತ್ತನೆಯ ದಿನ ಒಂದು ಕಡ್ಡಿಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು ಒಡೆಯಿತು. ಹತ್ತನೆಯ ದಿನ ಗುಮಾಸ್ತರು ಬಂದು ನೋಡಿದರು. ಪ್ಲಾಸ್ಟಿಕ್ಕಿನ ಮಾತು ಅಲ್ಲಿಗೆ ನಿಂತಿತು.

ತೋಟಗಾರ ಆಮೇಲೆ ಎಷ್ಟೋ ಕಟ್ಟಡಗಳಲ್ಲಿ ಗಿಡ ಇಟ್ಟ. ಅವನ ಪದ್ಧತಿ ಒಂದು ಬದಲಾಯಿತು. ಮೊದಲ ದಿನ ಅವನು ಬೆಳಕು ನೋಡುತ್ತಿರಲಿಲ್ಲ. ಇಲ್ಲಿ ನೆಲ ಒರೆಸುವವರು ಯಾರು ಎಂದು ಕೇಳಿ, ಅವರನ್ನು ಹುಡುಕಿ, ಹೆಸರು ಕೇಳಿ, ಅವರ ಜೊತೆ ಕೂತು ಚಹಾ ಕುಡಿಯುತ್ತಿದ್ದ. ಮೊದಲ ಸೀಮೆಸುಣ್ಣವನ್ನು ಅವರ ಕೈಗೆ ಕೊಡುತ್ತಿದ್ದ. ಯಾರಾದರೂ ಹೊಗಳಿದರೆ ಅವನ ಎದೆ ಈಗ ಮುಂದೆ ಬರುತ್ತಿರಲಿಲ್ಲ. ಕಣ್ಣು ಮಾತ್ರ ಅಲ್ಲಿನ ನೆಲದ ಕಡೆ ಹೋಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ವಿರೂಪಾಕ್ಷನಿಗೆ ಕಣ್ಣು ತುಂಬಿತ್ತು. "ತಿಳಿಯಿತು ಗುರುಗಳೇ. ಅಡುಗೆಮನೆಯ ತಾಯಂದಿರನ್ನು ಮರೆತಿದ್ದೆ. ಬಾವಿಯಿಂದ ನೀರು ಸೇದಿ ಹಾಕುವವರನ್ನು ಮರೆತಿದ್ದೆ. ಅವರ ಹೆಸರು ಕೇಳಿ ಸೇರಿಸುತ್ತೇನೆ. ಅಲ್ಲಿಗೆ ಪಟ್ಟಿ ಮುಗಿದಂತೆ" ಎಂದು ಲೇಖನಿ ತೆಗೆದ.

ಅಂಗಳದ ಕೆಲಸ ಮುಗಿಸಿ ಅಡಿವೆಪ್ಪ ಒಳಗೆ ಬಂದ. ಪೊರಕೆಯನ್ನು ಮೂಲೆಗಿಟ್ಟು, ಪೂರ್ವದ ಕಿಟಕಿಯ ಕಡೆ ನಡೆದ.

ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತಾ ಹೇಳಿದರು: "ಸೂರ್ಯ ಹನ್ನೆರಡು ಸಲ ತೆಂಕಣಕ್ಕೆ ಹೋಗಿ ಬಡಗಣಕ್ಕೆ ಬಂದ, ಅಷ್ಟೂ ವರ್ಷ ಬಿಸಿಲಿನ ಹಿಂದೆ ನಿನ್ನ ಓದುವ ಪೀಠ ತಾನಾಗಿಯೇ ನಡೆದುಹೋಯಿತೇ, ವಿರೂಪಾಕ್ಷ?"

ವಿರೂಪಾಕ್ಷ ಕಿಟಕಿಯ ಕಡೆ ತಿರುಗಿದ. ಅಡಿವೆಪ್ಪ ಬಗ್ಗಿ ಓದುವ ಪೀಠವನ್ನು ಎರಡು ಬೆರಳಷ್ಟು ಸರಿಸುತ್ತಿದ್ದ.